ಡಬ್ಬದ ಹಗ್ಗ

ಸರಗೂರಿನ ನಮ್ಮ ನಾಟಕ ತಂಡಕ್ಕೆ ಒಬ್ಬರು ಬೆಳಕಿನ ಮೇಷ್ಟ್ರು ಇದ್ದರು. ನಾನು ಅವರ ಬಳಿ ಕೆಲಸ ಕಲಿಯುತ್ತಿದ್ದೆ. ರಂಗದ ಪೆಟ್ರೋಮ್ಯಾಕ್ಸ್ ದೀಪ ಆರಿಸಿದರೆ ಮತ್ತೆ ಹೊತ್ತಿಸಲು ತಡವಾಗುತ್ತದೆ. ಅದಕ್ಕೇ ಖಾಲಿ ಸೀಮೆಎಣ್ಣೆ ಡಬ್ಬವನ್ನು ಹಗ್ಗದಲ್ಲಿ ಇಳಿಸಿ ದೀಪಕ್ಕೆ ಬೋರಲು ಹಾಕಿ ಕತ್ತಲು ಮಾಡುತ್ತಿದ್ದರು. "ಎಲ್ಲಾನೂ ತೋರಿಸ್ಬಾರ್ದು ಕಣ್ಲಾ" ಎನ್ನುವುದು ಅವರ ದಿನನಿತ್ಯದ ಮಾತು.

ಒಂದು ಶನಿವಾರದ ಆಟದಲ್ಲಿ, ತಾಯಿ ಮಗನ ಹೆಣ ಎತ್ತಿಕೊಳ್ಳುವಾಗ ಡಬ್ಬ ಇಳಿಸಿದೆವು. ದೀಪ ಕೊಟ್ಟಿದ್ದ ಗೌಡರು ಮುಂದಿನ ಕುರ್ಚಿಯಿಂದಲೇ ಗದರಿದರು.

"ಏನೂ ಕಾಣಾಕಿಲ್ಲ, ಡಬ್ಬ ಎತ್ಲಾ. ಇಲ್ದಿದ್ರೆ ನನ್ ದೀಪ ತಕ್ಕೊಂಡೋಯ್ತೀನಿ, ನಿಮ್ ನಾಟ್ಕ ಇಲ್ಲಿಗೇ ನಿಲ್ತದೆ."

ನಾನು ಹೆದರಿ ಹಗ್ಗ ಎಳೆಯಹೊರಟೆ. ಮೇಷ್ಟ್ರು ನನ್ನ ಮಣಿಕಟ್ಟು ಹಿಡಿದರು.

"ತಕ್ಕೊಂಡೋಗಿ ಗೌಡ್ರೇ. ದೀಪ ನಿಮ್ದು, ಕತ್ಲು ನಂದು."

ತಾಯಿಯ ಅಳು ಮುಗಿಯುವವರೆಗೂ ಡಬ್ಬ ಮೇಲೇಳಲಿಲ್ಲ. ಗೌಡರೂ ಏಳಲಿಲ್ಲ.