ದೇರ್‌ಫೋರ್ ಮೇಡಂ ತಡೆದಿಟ್ಟ ಚೀಟಿ

ಆ ಹೆಸರನ್ನು ಅವರಿಗೆ ಯಾರಿಟ್ಟರೋ ಗೊತ್ತಿಲ್ಲ. ಬೆಳಗಿನ ಆರೂವರೆಯ ಬ್ಯಾಚಿಗೆ ಇಂಗ್ಲಿಷ್ ಕಲಿಯಲು ಬರುತ್ತಿದ್ದವರೆಲ್ಲ ದುಡಿಯುವ ಜನ: ಒಬ್ಬ ಬಸ್ ಡ್ರೈವರ್, ಒಬ್ಬ ಸೆಕ್ಯೂರಿಟಿಯವನು, ಬಟ್ಟೆ ಅಂಗಡಿಯಲ್ಲಿ ನಿಂತು ನಿಂತು ಕಾಲು ಸೋತ ಇಬ್ಬರು ಹೆಂಗಸರು, ಹೀಗೆ ಒಂದು ಹತ್ತು ಮಂದಿ. ಅವರು ಬೆನ್ನ ಹಿಂದೆ ‘ದೇರ್‌ಫೋರ್ ಮೇಡಂ’ ಅನ್ನುವುದು ಕಿವಿಗೆ ಬಿದ್ದರೂ ಮೇಡಂ ಕೇಳಿಸದವರ ಹಾಗೆ ಇದ್ದುಬಿಡುತ್ತಿದ್ದರು. ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿ. ಐವತ್ತಾರು ವರ್ಷದಲ್ಲಿ ಅಡ್ಡಹೆಸರು ಇಡುವಷ್ಟು ಹತ್ತಿರಕ್ಕೆ ಅವರ ಬಳಿ ಯಾರೂ ಬಂದಿರಲಿಲ್ಲ.

ತರಗತಿ ನಡೆಯುತ್ತಿದ್ದದ್ದು ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ. ಕೆಳಗೆ ಎಂಟಕ್ಕೆ ಹೊಲಿಗೆ ಯಂತ್ರಗಳು ಶುರುವಾದರೆ ಮೇಲೆ ಬೆಂಚು ನಡುಗುತ್ತಿತ್ತು. ಅಷ್ಟರೊಳಗೆ ಪಾಠ ಮುಗಿಯಬೇಕು. ಮೇಡಂ ಪಾಠ ಮಾಡುವಾಗ ಬೇರೆಯೇ ಮನುಷ್ಯರಾಗುತ್ತಿದ್ದರು, ಅದಂತೂ ಖರೆ. ಒಂದೇ ಪದಕ್ಕೆ ಎರಡು ಅರ್ಥ ಇರುವುದನ್ನು ಕಲಿಸುವ ದಿನ ಬೋರ್ಡಿನ ಮೇಲೆ ಕನ್ನಡದಲ್ಲೇ ಬರೆದರು: ‘ಹತ್ತು ಗಂಟೆಗೆ ಬಸ್ಸು ಹತ್ತು.’

“ಇದನ್ನ ಓದಿ ಯಾರಾದ್ರೂ ತಲೆ ಕೆಡಿಸ್ಕೊಂಡ್ರಾ? ಇಲ್ವಲ್ಲ. ಅಕ್ಕಪಕ್ಕದ ಪದ ನೋಡಿದ್ರೆ ತಾನಾಗೇ ಗೊತ್ತಾಗುತ್ತೆ. ಇಂಗ್ಲಿಷೂ ಅಷ್ಟೇ. ರಜಕ್ಕೂ ಲೀವ್ ಅಂತಾರೆ, ಬಿಟ್ಟು ಹೋಗೋದಕ್ಕೂ ಲೀವ್ ಅಂತಾರೆ.”

“ನಮ್ಮ ಡಿಪೋದಲ್ಲಿ ಮೊದಲನೇ ಲೀವ್ ಕೊಡಲ್ಲ ಮೇಡಂ,” ಅಂದ ಡ್ರೈವರ್. “ಎರಡನೇದಕ್ಕೆ ಯಾರೂ ಅಡ್ಡಿ ಮಾಡಲ್ಲ.”

ಎಲ್ಲರೂ ನಕ್ಕರು. ಮೇಡಂ ನಗು ಮಾತ್ರ ಸ್ವಲ್ಪ ಹೊತ್ತು ಜಾಸ್ತಿಯೇ ನಿಂತಿತು.

ಅವರ ಜೀವ ಇದ್ದದ್ದು ಮುಂದಿನ ಪಾಠದಲ್ಲಿ, ಕೊಂಡಿ ಪದಗಳಲ್ಲಿ. ಹೌಎವರ್, ದೇರ್‌ಫೋರ್, ಮೀನ್‌ವೈಲ್ ಎಂದು ಒಂದೊಂದು ರಟ್ಟಿನ ಚೀಟಿಯಲ್ಲಿ ಬರೆದು ಬೆಂಚಿನ ಮೇಲೆ ಹರಡುತ್ತಿದ್ದರು. ಒಬ್ಬರು ಒಂದು ವಾಕ್ಯ ಹೇಳಬೇಕು, ಪಕ್ಕದವರು ಸರಿಯಾದ ಚೀಟಿ ಎತ್ತಿ ಅದಕ್ಕೆ ಇನ್ನೊಂದು ವಾಕ್ಯ ಕಟ್ಟಬೇಕು. ಸೆಕ್ಯೂರಿಟಿಯವನು ಯಾವ ವಾಕ್ಯ ಬಂದರೂ ದೇರ್‌ಫೋರ್ ಚೀಟಿಯನ್ನೇ ಎತ್ತಿ “ದೇರ್‌ಫೋರ್ ಐ ಸ್ಲೆಪ್ಟ್” ಎಂದು ಮುಗಿಸುತ್ತಿದ್ದ.

ಇಷ್ಟು ಚೆನ್ನಾಗಿ ಮಾತು ಜೋಡಿಸಲು ಕಲಿಸುವ ಹೆಂಗಸಿನ ಮನೆಯಲ್ಲಿ ಮಾತೇ ಇರಲಿಲ್ಲ. ಎರಡು ಕೋಣೆಯ ಮನೆ, ಎರಡು ಕುರ್ಚಿ. ಒಂದರ ಮೇಲೆ ಇಸ್ತ್ರಿ ಆಗಬೇಕಾದ ಬಟ್ಟೆ. ಹಾಸಿಗೆ ಹಿಡಿದ ಅಮ್ಮನನ್ನು ಹದಿನಾಲ್ಕು ವರ್ಷ ನೋಡಿಕೊಂಡರು, ಮದುವೆಯ ಮಾತು ಆ ಗಡಿಬಿಡಿಯಲ್ಲಿ ಎಲ್ಲೋ ಬಿದ್ದುಹೋಯಿತು. ಅಮ್ಮ ಹೋಗಿ ನಾಲ್ಕು ವರ್ಷ. ಬೇರೆ ಊರಿನಲ್ಲಿದ್ದ ಅಣ್ಣ ತಿಂಗಳಿಗೊಂದು ಭಾನುವಾರ ಫೋನ್ ಮಾಡುತ್ತಿದ್ದ. “ಹುಷಾರಾ?” ಅನ್ನುತ್ತಿದ್ದ. “ಹುಷಾರು.” “ಮತ್ತೆ?” “ಮತ್ತೇನಿಲ್ಲ.” ಅಲ್ಲಿಗೆ ಆ ತಿಂಗಳ ಒಡಹುಟ್ಟಿದವರ ಮಾತುಕತೆ ಮುಗಿದಂತೆ.

ಇಂಥ ಹೊತ್ತಿನಲ್ಲಿ ಬ್ಯಾಚಿಗೆ ಲಾಂಡ್ರಿ ಅಕ್ಕ ಸೇರಿದಳು. ನಲವತ್ತು ದಾಟಿದವಳು, ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ರಾತ್ರಿ ಪಾಳಿ. ಸೋಪಿನ ನೀರಿನಲ್ಲಿ ನೆನೆದು ಬೆರಳ ತುದಿಗಳೆಲ್ಲ ಸುಕ್ಕು. ಪಾಳಿ ಮುಗಿಸಿ ಸೀದಾ ಬರುತ್ತಿದ್ದವಳು ಆರಕ್ಕೇ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಅವಳನ್ನು ಕಾಯಿಸಬಾರದೆಂದು ಮೇಡಂ ಐದೂ ಮುಕ್ಕಾಲಿಗೇ ಬಂದು ಬೀಗ ತೆಗೆಯತೊಡಗಿದರು. ಮನೆಯಿಂದ ಫ್ಲಾಸ್ಕಿನಲ್ಲಿ ಟೀ ಬಂತು. ಇಬ್ಬರೂ ಅರ್ಧ ಗಂಟೆ ಕೂತು ಅದೂ ಇದೂ ಮಾತಾಡುತ್ತಿದ್ದರು: ಹೊಸ ಯಂತ್ರ ಬೆಡ್‌ಶೀಟ್ ಹರಿಯುವುದು, ಅವಳ ಮಗಳಿಗೆ ಗಣಿತ ಕಂಡರಾಗದಿರುವುದು, ಮೇಡಂ ಮಂಡಿನೋವು. ತಿಂಗಳೊಳಗೆ ಮೇಡಂ ಬಾಯಲ್ಲಿ ‘ನೀವು’ ಹೋಗಿ ‘ನೀನು’ ಬಂತು. ರಾತ್ರಿ ಮಲಗುವಾಗ, ನಾಳೆ ಇವಳಿಗೆ ಇದನ್ನು ಹೇಳಬೇಕು ಎಂದು ಒಂದೆರಡು ವಿಷಯ ಎತ್ತಿಟ್ಟುಕೊಳ್ಳುವುದು ಮೇಡಂಗೆ ಅಭ್ಯಾಸವೇ ಆಯಿತು.

ಲಾಂಡ್ರಿ ಅಕ್ಕನಿಗೆ ಬೇಕಿದ್ದದ್ದು ಒಂದೇ. ಅದೇ ಆಸ್ಪತ್ರೆಯಲ್ಲಿ ರೋಗಿಗಳ ಹೆಸರು ಬರೆದುಕೊಳ್ಳುವ ಕೌಂಟರಿನಲ್ಲಿ ಒಂದು ಜಾಗ ಖಾಲಿ ಇತ್ತು. ಹಗಲು ಕೆಲಸ, ಕೂತು ಮಾಡುವ ಕೆಲಸ. ಒಳಗಿನವರಿಗೇ ಮೊದಲು ಕೊಡುತ್ತಾರಂತೆ, ಆದರೆ ನಾಲ್ಕನೇ ಹಂತದ ಇಂಗ್ಲಿಷ್ ಪಾಸಾದ ಚೀಟಿ ಬೇಕು. ಶುಕ್ರವಾರ ಕೊನೆಯ ದಿನ. ಆ ಚೀಟಿಗೆ ಸಹಿ ಹಾಕುವುದು ಪಾಠ ಮಾಡಿದವರು, ಇಲ್ಲವೇ ಈ ತರಗತಿಗಳನ್ನು ನಡೆಸುವ ಸಂಸ್ಥೆಯ ಮ್ಯಾನೇಜರ್. ತನ್ನ ಒಂದು ದಿನವನ್ನು ಎಂಟು ಕೊಂಡಿ ಪದ ಬಳಸಿ ಒಂದು ಪುಟ ಬರೆಯಬೇಕು, ಅದೇ ಪರೀಕ್ಷೆ. ಮೊದಲ ಸಲ ಅವಳು ಬರೆದದ್ದು ನಿಜಕ್ಕೂ ಕಲಸುಮೇಲೋಗರ. ಮೇಡಂ ಪಾಸ್ ಮಾಡಲಿಲ್ಲ, ಅದರಲ್ಲಿ ತಪ್ಪೇನೂ ಇಲ್ಲ.

ಎರಡನೇ ಸಲ ಚೆನ್ನಾಗಿ ಬರೆದಿದ್ದಳು. ಒಗೆದ ಬಟ್ಟೆ, ಹಬೆ, ಬಸ್ಸು ಎಲ್ಲ ಒಂದರ ಹಿಂದೆ ಒಂದು ಸಲೀಸಾಗಿ ಬಂದಿದ್ದವು. ಕೊನೆಯ ಸಾಲುಗಳಲ್ಲಿ, ಬೆಳಿಗ್ಗೆ ಮೇಡಂ ನನಗೆ ಟೀ ಕೊಡುತ್ತಾರೆ, ಆದ್ದರಿಂದ ರಾತ್ರಿಯೆಲ್ಲ ನಿಂತ ಆಯಾಸ ಹೋಗುತ್ತದೆ, ಎಂದಿತ್ತು. ಮೇಡಂ ಅದನ್ನು ಮನೆಗೆ ಒಯ್ದು ನಾಲ್ಕು ಸಲ ಓದಿದರು. ಸಹಿ ಹಾಕಲು ಪೆನ್ನು ತೆಗೆದರು. ಆಗ ಅವರಿಗೆ ಮುಂದಿನ ಸೋಮವಾರದ ಖಾಲಿ ಮೆಟ್ಟಿಲು ಕಣ್ಣ ಮುಂದೆ ಬಂತು. ಪಾಸಾದವರು ಮತ್ತೆ ಆ ಮೆಟ್ಟಿಲು ಹತ್ತಿದ್ದನ್ನು ಅವರು ಇಷ್ಟು ವರ್ಷದಲ್ಲಿ ಒಂದೇ ಒಂದು ಸಲ ಕಂಡಿಲ್ಲ. ‘ಕೊಂಡಿಗಳು ಇನ್ನೂ ಬಿಗಿಯಾಗಬೇಕು, ಇನ್ನೊಮ್ಮೆ ಬರೆಯಿರಿ’ ಎಂದು ಪುಟದ ಕೆಳಗೆ ಬರೆದರು.

ಮಂಗಳವಾರ ಅವಳು ಆ ಪುಟವನ್ನು ಎರಡು ಸಲ ತಿರುವಿ ನೋಡಿದಳು. “ಎಲ್ಲಿ ಸಡಿಲ ಆಗಿದೆ ಮೇಡಂ?” ಎಂದು ಕೇಳಿದಳು ಅಷ್ಟೆ.

“ಒಟ್ಟಾರೆ ಕಣಮ್ಮ,” ಅಂದರು ಮೇಡಂ. “ಒಟ್ಟಾರೆ ಸ್ವಲ್ಪ.”

ನಾಲಿಗೆಗೆ ಎಲುಬಿಲ್ಲ ನೋಡಿ, ಹೇಗೆ ಬೇಕಾದರೂ ಹೊರಳುತ್ತದೆ. ಆದರೆ ಬುಧವಾರ, ಗುರುವಾರ ಊಟ ಸೇರಲಿಲ್ಲ. ಒಂದು ಜೀವದ ಅನ್ನಕ್ಕೆ ಕಲ್ಲು ಹಾಕಿ ತಾನು ಟೀ ಕುಡಿಯಬೇಕೇ ಎಂದು ತಮ್ಮನ್ನೇ ಬೈದುಕೊಂಡು, ಗುರುವಾರ ಸಂಜೆ ಚೀಟಿ ಬರೆದು ಸಹಿ ಹಾಕಿ ಚೀಲದಲ್ಲಿಟ್ಟುಕೊಂಡರು. ಶುಕ್ರವಾರ ಐದೂವರೆಗೇ ಬಂದು ಕೂತರು. ಅವಳು ಬರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಪಾಠ ಮುಗಿದದ್ದೇ ಆಸ್ಪತ್ರೆಯ ಹಿಂದಿನ ಗೇಟಿಗೆ ಓಡಿದರು. ಅವಳ ಪಾಳಿ ಮುಗಿದು ಆಗಲೇ ಮೂರು ಗಂಟೆಯಾಯಿತು ಎಂದರು ಅಲ್ಲಿಯವರು. ಐದು ತಿಂಗಳು ದಿನಾ ಮಾತಾಡಿದವಳ ಮನೆ ಎಲ್ಲಿದೆ ಎಂದು ಮೇಡಂ ಕೇಳಿಯೇ ಇರಲಿಲ್ಲ.

ಸೋಮವಾರ ಆರಕ್ಕೆ ಅವಳು ಬಂದಳು. ಒಳಗೆ ಬಂದು ಕೂರಲಿಲ್ಲ, ಬಾಗಿಲಲ್ಲೇ ನಿಂತಳು.

“ನನಗೆ ಕೌಂಟರ್ ಕೆಲಸ ಆಯ್ತು ಮೇಡಂ. ಶನಿವಾರವೇ ಕರೆದು ಹೇಳಿದ್ರು. ಹೇಳಿ ಹೋಗೋಣ ಅಂತ ಬಂದೆ.”

ಮೇಡಂಗೆ ಮೊದಲು ಅರ್ಥವಾಗಲಿಲ್ಲ. “ಚೀಟಿ?”

“ಗುರುವಾರ ಸಂಜೆ ನಮ್ಮ ಕ್ಲಾಸಿನ ಮ್ಯಾನೇಜರ್ ಸಾಹೇಬರ ಹತ್ರ ಪುಟ ತಗೊಂಡು ಹೋಗಿದ್ದೆ. ಎಲ್ಲಿ ಸಡಿಲ ಇದೆ, ತೋರಿಸಿಕೊಡಿ, ರಾತ್ರಿ ಕೂತು ಸರಿ ಮಾಡ್ತೀನಿ ಅಂದೆ. ಅವರು ಓದಿ, ಇದ್ರಲ್ಲಿ ಏನಮ್ಮ ತಪ್ಪಿದೆ ಅಂತ ನನ್ನನ್ನೇ ಕೇಳಿದ್ರು. ಅವರೇ ಸಹಿ ಹಾಕಿದ್ರು.”

ಮೇಡಂ ಚೀಲದಿಂದ ತಮ್ಮ ಚೀಟಿ ತೆಗೆದು ಚಾಚಿದರು. “ನೋಡು, ನಾನೂ ಹಾಕಿದ್ದೆ. ಶುಕ್ರವಾರ ಕೊಡೋಣ ಅಂತ ತಂದಿದ್ದೆ. ನಿಜ ಹೇಳ್ತಿದೀನಿ.” ನಿಜವನ್ನೇ ಹೇಳುತ್ತಿದ್ದರು, ಆದರೆ ಆ ನಿಜ ಅವರ ಕಿವಿಗೇ ಸುಳ್ಳಿನ ಹಾಗೆ ಕೇಳಿಸಿತು.

ಅವಳು ಚೀಟಿಯನ್ನು ಮುಟ್ಟಲಿಲ್ಲ. “ಯಾಕೆ ಮೇಡಂ ಹಾಗೆ ಮಾಡಿದ್ರಿ? ನಾನೇನು ತಪ್ಪು ಮಾಡಿದ್ದೆ?”

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. “ನೀನು ಹೊರಟುಹೋಗ್ತೀಯ ಅಂತ,” ಅಂದರು ಮೇಡಂ. “ನನಗೆ ಮಾತಾಡೋಕೆ ಬೇರೆ ಯಾರೂ ಇಲ್ಲ.”

ಲಾಂಡ್ರಿ ಅಕ್ಕ ತಲೆಯೆತ್ತಿ ಮೇಡಂ ಮುಖ ನೋಡಿದಳು. ಸಿಟ್ಟು ಇದ್ದಿದ್ದರೆ ಮೇಡಂ ಹೇಗೋ ತಡೆದುಕೊಳ್ಳುತ್ತಿದ್ದರು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಅಳು ಇತ್ತು.

“ಕೆಲಸ ಸಿಕ್ಕಿದ್ರೆ ರಾತ್ರಿ ಪಾಳಿ ತಪ್ಪುತ್ತೆ, ದಿನಾ ಸಂಜೆ ಮಗಳನ್ನ ಕರ್ಕೊಂಡು ನಿಮ್ಮನೆಗೆ ಬರೋಣ ಅಂತಿದ್ದೆ,” ಅಂದಳು. “ಅವಳಿಗೂ ಹೇಳಿಟ್ಟಿದ್ದೆ. ಒಬ್ರು ದೊಡ್ಡಮ್ಮ ಇದಾರೆ, ತೋರಿಸ್ತೀನಿ ಅಂತ.”

ಅಷ್ಟೂ ಕೊಂಡಿ ಪದಗಳಲ್ಲಿ ಒಂದೂ ಮೇಡಂ ನೆರವಿಗೆ ಬರಲಿಲ್ಲ. “ಈಗ?” ಎಂದು ಕೇಳಿದ್ದು ಅವರಿಗೇ ಸರಿಯಾಗಿ ಕೇಳಿಸಲಿಲ್ಲ.

“ಈಗ ಆಗಲ್ಲ ಮೇಡಂ,” ಅಂದಳು ಅವಳು, ಮೆಲ್ಲಗೆ, ಕಾಹಿಲೆಯವರ ಹತ್ತಿರ ಮಾತಾಡುವ ಹಾಗೆ. “ನಿಮ್ಮ ಎದುರು ಕೂತಾಗೆಲ್ಲ ನನಗೆ ಇದೇ ನೆನಪಾಗುತ್ತೆ.” ಕೈ ಮುಗಿದು ಮೆಟ್ಟಿಲು ಇಳಿದು ಹೋದಳು.