ನಾಮವಿಟ್ಟ ಕಾಡಾನೆ

ಎರಡು ಸಾವಿರದ ಇಸವಿ ಕಳೆದ ಹೊಸದರಲ್ಲಿ ನಾನು ಕಾಡಂಚಿನ ಪುಣಜನೂರಿನ ಶಾಲೆಯಲ್ಲಿ ಟೀಚರ್. ಮಕ್ಕಳಿಗಾಗಿ ಹೊಸದಾಗಿ ಬರೆಯುವವರಿಗೂ ಚಿತ್ರ ಬಿಡಿಸುವವರಿಗೂ ಒಂದು ಪ್ರಶಸ್ತಿಯಿತ್ತು. ಗೆದ್ದರೆ ಪುಸ್ತಕವನ್ನು ಪ್ರಶಸ್ತಿ ಕೊಡುವವರೇ ಅಚ್ಚು ಹಾಕಿಸಿಕೊಡುತ್ತಿದ್ದರು. ರಾಗಿ ಹೊಲಕ್ಕೆ ಬರುವ ಕಾಡಾನೆಯ ಕತೆ ಬರೆದೆ. ಚಾಮರಾಜನಗರದ ನಮ್ಮ ಬೀದಿಯಲ್ಲಿ ಅಂಗಡಿ ಬೋರ್ಡು ಬರೆಯುವ ಭಾಯಿ ಎಂಟು ಚಿತ್ರ ಬರೆದುಕೊಟ್ಟರು. ತಮ್ಮ ಚಿತ್ರ ಒಮ್ಮೆಯಾದರೂ ಪುಸ್ತಕದಲ್ಲಿ ಬರಬೇಕೆಂಬುದು ಅವರ ಬಹಳ ದಿನದ ಆಸೆ.

ಅಂಚೆಗೆ ಹಾಕಲು ಮಾರನೆಯ ದಿನವೇ ಕೊನೆ. ಚಿತ್ರಗಳನ್ನು ತರಗತಿಯಲ್ಲಿ ತೋರಿಸಿದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಕಿಸಕ್ಕನೆ ನಕ್ಕಳು.

“ಮಿಸ್ಸು, ಈ ಆನೆಗೆ ನಾಮ ಇಕ್ಕಿದೋರು ಯಾರು? ನಮ್ಮೊಲಕ್ಕೆ ಬರಾ ಆನೆ ಹತ್ರ ನಮ್ಮಪ್ಪನೇ ಓಗಲ್ಲ!”

ನೋಡಿದರೆ ಎಂಟೂ ಚಿತ್ರಗಳಲ್ಲಿ ಆನೆಯ ಹಣೆಗೆ ಬಿಳಿ ನಾಮ! ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಸಂಜೆ ಬಸ್ಸಿಳಿದವಳೇ ಭಾಯಿಯ ಅಂಗಡಿಗೆ ಹೋದೆ. ಅವರು ಹಣೆ ಚಚ್ಚಿಕೊಂಡರು.

“ದೇವಸ್ಥಾನದ ಗೋಡೆಗೆ ಬರ್ದೂ ಬರ್ದೂ ಕೈಗೆ ಅಭ್ಯಾಸ ಆಗ್ಬುಟ್ಟದೆ ಮೇಡಂ. ಕೆರೆಯಕ್ಕೋದ್ರೆ ಕಾಗದ ಹರೀತದೆ. ಈಗೇನು ಮಾಡಾದು?”

“ನಮ್ಮ ಕಾಡಾನೆ ಮಣ್ಣು ಎರಚ್ಕೊಳ್ಳಲ್ವಾ ಭಾಯಿ?” ಅಂದೆ.

ಅವರು ಕೆಂಪು ಬಣ್ಣ ಕಲಸಲು ಕೂತರು. ಎಂಟು ಹಣೆಗೂ ಕೆಮ್ಮಣ್ಣು ಮೆತ್ತಿಕೊಂಡಿತು.

ಪ್ರಶಸ್ತಿ ಬಂತು. ಅಚ್ಚಾದ ಪುಸ್ತಕವನ್ನು ಭಾಯಿ ಎರಡು ದಿನ ಕೈಬಿಡಲಿಲ್ಲ. ಇನ್ನೊಂದು ಪ್ರತಿಯನ್ನು ಆ ಹುಡುಗಿಗೆ ಕೊಟ್ಟೆ. ಒಂದೊಂದು ಪುಟದಲ್ಲೂ ಆನೆಯ ಹಣೆಯ ಮೇಲೆ ಬೆರಳಿಟ್ಟು ನೋಡಿದಳು.

“ಈಗ ಸರ್ಯಾಗದೆ ಮಿಸ್ಸು. ನಮ್ ರಾಗಿ ತಿಂದಿದ್ದು ಇದೇಯ!”