ಸೋಮವಾರ, ಗುರುವಾರ, ನಾಲ್ಕು ಗಂಟೆಯ ಗಣಿತ

ನನ್ನ ಪಾಠ ಕೇಳಿದ ಮಕ್ಕಳು ಗಣಿತದಲ್ಲಿ ಫೇಲಾಗುವುದಿಲ್ಲ ಎಂದು ಒಂದು ಕಾಲದಲ್ಲಿ ನಾನೇ ನಂಬಿಕೊಂಡಿದ್ದೆ. ಹೊಗಳುವವರು ಸುತ್ತ ಇದ್ದರು, ಕೇಳಲು ನನಗೂ ಹಿತವಾಗಿತ್ತು. ಹಾಗಾಗಿ ನಮ್ಮ ವಿದ್ಯಾಸಂಸ್ಥೆಯ ಕಾರ್ಯದರ್ಶಿಗಳು, ಇನ್ನು ಮೇಲೆ ನಾನು ತುರುವೇಕೆರೆಯಲ್ಲೇ ಕೂತು ಮೂರು ತಾಲ್ಲೂಕಿನ ನಮ್ಮ ಏಳೂ ಹೈಸ್ಕೂಲಿಗೆ ಹತ್ತನೇ ತರಗತಿಯ ಗಣಿತ ಹೇಳಬೇಕು ಎಂದಾಗ, ಬಿಂಕಕ್ಕೂ ಒಂದು ಸಲ ಬೇಡ ಎನ್ನಲಿಲ್ಲ.

ಫೋನಿನ ತಂತಿಯಲ್ಲಿ ಬ್ರಾಡ್‌ಬ್ಯಾಂಡ್ ಬಂದ ಹೊಸತು. ನಮ್ಮ ಶಾಲೆಯ ಒಂದು ಕೋಣೆಯಲ್ಲಿ ಕಂಪ್ಯೂಟರ್, ಮೈಕು. ನಾನು ಬರೆದದ್ದು ಆ ಶಾಲೆಗಳ ಪರದೆಯ ಮೇಲೆ ಮೂಡುತ್ತಿತ್ತು, ದನಿ ಸ್ಪೀಕರಿನಲ್ಲಿ ಕೇಳುತ್ತಿತ್ತು. ನನಗೆ ಮಾತ್ರ ಮಕ್ಕಳು ಕಾಣುತ್ತಿರಲಿಲ್ಲ. ಸಂದೇಹವಿದ್ದವರು ಅಲ್ಲಿಂದ ಟೈಪ್ ಮಾಡಿ ಕಳಿಸಬೇಕು. ವಾರಕ್ಕೆ ಎರಡು ಪಾಠ, ಸಂಜೆ ನಾಲ್ಕಕ್ಕೆ.

ಕಂದಿಕೆರೆ ಕಡೆಯ ಒಂದು ಹಳ್ಳಿಯ ನಮ್ಮ ಶಾಲೆಯಲ್ಲಿ ಇದರ ಉದ್ಘಾಟನೆಗೆ ಹೋಗಿದ್ದೆ. ಶಾಲೆಯ ಕಿಟಕಿಗಳಿಗೆ ಸರಳಿರಲಿಲ್ಲ, ಕಂಪ್ಯೂಟರ್ ಇಡಲು ಭದ್ರವಾದ ಕೋಣೆ ಬೇಕಿತ್ತು. ಊರಿನ ದೊಡ್ಡ ತೋಟದ ಯಜಮಾನರು, ಅವರು ನಮ್ಮ ಆಡಳಿತ ಮಂಡಳಿಯಲ್ಲೂ ಇದ್ದರು, ಶಾಲೆಯ ಪಕ್ಕದ ತಮ್ಮ ಗೋಡೌನನ್ನೇ ಬಿಟ್ಟುಕೊಟ್ಟಿದ್ದರು. ಕೆಳಗೆ ಬೆಂಚು, ಕಂಪ್ಯೂಟರ್. ಮೇಲೆ ಅಟ್ಟದ ತುಂಬ ಕೊಬ್ಬರಿಗೆಂದು ಬಿಟ್ಟ ಕಾಯಿ.

ಅವತ್ತು ಕಾಯಿ ಸುಲಿಯುವ ಕೆಲಸಕ್ಕೆ ಹೋಗುವ ಹೆಂಗಸೊಬ್ಬರು ಮಗಳ ಕೈ ಹಿಡಿದು ನನ್ನ ಹತ್ತಿರ ಬಂದರು. ಹುಡುಗಿ ತಲೆ ಎತ್ತಲಿಲ್ಲ.

"ಒಂದೇ ಸಲಕ್ಕೆ ಪಾಸಾದ್ರೆ ತಿಪ್ಟೂರಿಗೆ ಕಾಲೇಜಿಗೆ ಕಳಿಸ್ತೀನಿ ಅಂತ ಇವ್ಳ ಅಪ್ಪ ಒಪ್ಕೊಂಡವ್ನೆ ಮಿಸ್. ಫೇಲಾದ್ರೆ ಮನೇಲಿರು ಅಂದವ್ನೆ. ಇವ್ಳಿಗೆ ಲೆಕ್ಕ ಒಂದೇ ಭಯ."

ನಾನಿದ್ದೀನಲ್ಲ, ಯಾಕೆ ಹೆದರುತ್ತೀರಿ ಎಂದು ನಕ್ಕೆ. ಎಷ್ಟು ಸಲೀಸಾಗಿ ಹೇಳಿಬಿಟ್ಟೆ ಎಂದು ನೆನೆದರೆ ಈಗಲೂ ಮೈ ಉರಿಯುತ್ತದೆ.

ಆ ಶಾಲೆಯಲ್ಲಿ ಬಹಳ ವರ್ಷದಿಂದ ಒಬ್ಬ ಗಣಿತದ ಮೇಷ್ಟ್ರಿದ್ದರು. ಒರಟು ಮನುಷ್ಯ, ಸೀಮೆಸುಣ್ಣ ಎಸೆಯುವವರು. ನಾನು ಏಳೂ ಕಡೆ ಪಾಠ ಮಾಡುವಾಗ ಅಲ್ಲಿಗೆ ಬೇರೆ ಮೇಷ್ಟ್ರು ಯಾಕೆ ಎಂದು ಕಾರ್ಯದರ್ಶಿಗಳು ಕೇಳಿದರು. ನಾನು ತಲೆಯಾಡಿಸಿದೆ. ಅವರನ್ನು ದಬ್ಬೇಘಟ್ಟದ ಕಡೆಯ ನಮ್ಮ ಮಿಡ್ಲ್ ಸ್ಕೂಲಿಗೆ ವರ್ಗ ಮಾಡಿದರು. ಹೋಗುವ ಮುಂಚೆ ಅವರು ಬಸ್ಸು ಹಿಡಿದು ನನ್ನ ಹತ್ತಿರ ಬಂದಿದ್ದರು.

"ನಮ್ ಮಕ್ಳು ಬಾಯಿ ಬಿಟ್ಟು ಕೇಳಲ್ಲ ಕಣ್ರೀ ಮೇಡಂ. ಮುಖ ನೋಡಿ ನಾವೇ ತಿಳ್ಕೋಬೇಕು."

ಜಾಗ ಬಿಡಲು ಮನಸ್ಸಿಲ್ಲದೆ ಆಡುವ ಮಾತು ಎಂದುಕೊಂಡು, ಕಾಫಿ ತರಿಸಿಕೊಟ್ಟು ಕಳಿಸಿದೆ.

ಪಾಠ ಶುರುವಾಯಿತು. ಬೇರೆ ಶಾಲೆಗಳಿಂದ ಒಂದೋ ಎರಡೋ ಪ್ರಶ್ನೆ ಬರುತ್ತಿದ್ದವು, ಈ ಶಾಲೆಯಿಂದ ಒಂದೂ ಇಲ್ಲ. ಅದು ನನಗೆ ವಿಚಿತ್ರವೆನಿಸಲಿಲ್ಲ. ನಮ್ಮ ಕಡೆ ಮೇಷ್ಟ್ರ ಎದುರು ಬಾಯಿ ತೆರೆಯದ ಮಕ್ಕಳನ್ನೇ ಒಳ್ಳೆಯ ಮಕ್ಕಳು ಎನ್ನುವುದು. ನಾನೂ ಹಾಗೇ ಬೆಳೆದವಳು. ದಸರಾ ಕಳೆದ ಮೇಲೆ, ಪಾಠಕ್ಕೆ ಸೇರಿಕೊಂಡ ಶಾಲೆಗಳನ್ನು ತೋರಿಸುವ ನನ್ನ ಪರದೆಯ ಪಟ್ಟಿಯಲ್ಲಿ ಆ ಶಾಲೆಯ ಹೆಸರೇ ಹತ್ತುತ್ತಿರಲಿಲ್ಲ. ಕರೆಂಟು ಹೋಗಿರಬೇಕು ಎಂದುಕೊಂಡೆ. ಎರಡು ಸಲ ಫೋನು ಮಾಡಿದಾಗ ಹೆಡ್‌ಮಾಸ್ಟ್ರು ಎಲ್ಲ ಸರಿಯಾಗಿದೆ ಎಂದರು. ತಿಂಗಳ ವರದಿಯಲ್ಲೂ ತರಗತಿ ನಡೆದಿದೆ, ಹಾಜರಾತಿ ಪೂರ್ತಿ ಎಂದಿರುತ್ತಿತ್ತು. ಅದರ ಕೆಳಗೆ ನಾನು ಸಹಿ ಹಾಕುತ್ತಿದ್ದೆ. ಒಂದು ದಿನ ಬಸ್ಸು ಹತ್ತಿ ಹೋಗಿ ನೋಡಲು ನನಗೇನು ರೋಗ ಬಂದಿತ್ತೋ ಗೊತ್ತಿಲ್ಲ.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಆ ಶಾಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಗಣಿತದಲ್ಲಿ ಹೋಗಿದ್ದರು. ಆ ಹುಡುಗಿಯೂ ಹೋಗಿದ್ದಳು, ಅದೊಂದೇ ವಿಷಯದಲ್ಲಿ.

ಮಾರನೆಯ ದಿನವೇ ಹೋದೆ. ಹೆಡ್‌ಮಾಸ್ಟ್ರು ಗೋಡೌನಿನ ಬೀಗ ತೆಗೆದರು. ಕಂಪ್ಯೂಟರಿಗೆ ಆಯುಧಪೂಜೆಯ ಕುಂಕುಮ ಹಾಗೇ ಇತ್ತು, ಚೆಂಡುಹೂವು ಒಣಗಿ ಪುಡಿಯಾಗಿತ್ತು. ಗೋಡೆಯ ಬುಡದಲ್ಲಿ ಫೋನಿನ ತಂತಿಯನ್ನು ಇಲಿ ಕಡಿದು ತುಂಡು ಮಾಡಿತ್ತು. ಎರಡು ಸಲ ಹೊಸ ತಂತಿ ಹಾಕಿಸಿದರಂತೆ, ಎರಡು ಸಲವೂ ಕಡಿಯಿತಂತೆ. ಇಲಿ ಓಡಿಸಬೇಕಾದರೆ ಅಟ್ಟ ಖಾಲಿ ಮಾಡಬೇಕು. ಕೊಬ್ಬರಿಗೆ ಬಿಟ್ಟ ಕಾಯನ್ನು ಒಳಗಿನ ನೀರು ಇಂಗುವವರೆಗೆ, ಹೆಚ್ಚುಕಮ್ಮಿ ಒಂದು ವರ್ಷ, ಯಾರೂ ಮುಟ್ಟುವುದಿಲ್ಲ. ಜಾಗ ಕೊಟ್ಟ ಯಜಮಾನರಿಗೆ ಕಾಯಿ ಇಳಿಸಿ ಎಂದು ಹೇಳುವುದು ಹೇಗೆ? ಇಳಿಸಿದ ಮೇಲೆ ತಂತಿ ಹಾಕಿಸಿದರಾಯಿತು ಎಂದು ಹೆಡ್‌ಮಾಸ್ಟ್ರು ಕಾದರು. ಕಾಯಿ ಇಳಿಯುವ ಹೊತ್ತಿಗೆ ಪರೀಕ್ಷೆ ಮುಗಿದಿತ್ತು.

ಹಾಗಾದರೆ ಹಾಜರಾತಿ ಹೇಗೆ ಬಂತು ಎಂದು ರೇಗಿದೆ. ಅವರು ರಿಜಿಸ್ಟರ್ ತೆಗೆದು ತೋರಿಸಿದರು. ಅದರಲ್ಲಿ ಸುಳ್ಳಿರಲಿಲ್ಲ. ಸೋಮವಾರ, ಗುರುವಾರ ನಾಲ್ಕು ಗಂಟೆಗೆ ಮಕ್ಕಳನ್ನು ತಪ್ಪದೆ ಅಲ್ಲಿ ಕೂರಿಸಬೇಕು ಎಂದು ಕಾರ್ಯದರ್ಶಿಗಳ ಸುತ್ತೋಲೆ ಇತ್ತು, ಕೂರಿಸಿದ್ದರು. ದಸರಾದಿಂದ ಪರೀಕ್ಷೆಯವರೆಗೆ ಮಕ್ಕಳು ಕಪ್ಪು ಪರದೆಯ ಮುಂದೆ ಪುಸ್ತಕ ತೆರೆದಿಟ್ಟುಕೊಂಡು ಮುಕ್ಕಾಲು ಗಂಟೆ ಕೂತು ಎದ್ದು ಹೋಗುತ್ತಿದ್ದರು. ಅದೇ ಮುಕ್ಕಾಲು ಗಂಟೆ ತುರುವೇಕೆರೆಯಲ್ಲಿ ನಾನು ತ್ರಿಕೋನಮಿತಿ ಹೇಳುತ್ತಿದ್ದೆ.

ಹುಡುಗಿಯ ಮನೆಗೆ ಹೋದೆ. ಜೂನಿನಲ್ಲಿ ಮತ್ತೆ ಪರೀಕ್ಷೆ ಇದೆ, ದಿನಾ ಬಂದು ಪಾಠ ಹೇಳುತ್ತೇನೆ ಎಂದು ಬೇಡಿಕೊಂಡೆ. ಅವಳ ಅಪ್ಪ ಜಗಲಿಯ ಮೇಲಿದ್ದವರು ಸಿಟ್ಟಾಗಲಿಲ್ಲ. ಆಡಿದ ಮಾತು ಆಡಿದ್ದೇ, ಅವಳು ನಾಳೆಯಿಂದ ಅವರವ್ವನ ಜೊತೆ ಕಾಯಿ ಕೆಲಸಕ್ಕೆ ಹೋಗುತ್ತಾಳೆ ಎಂದು ಹೇಳಿ ತೋಟಕ್ಕೆ ಹೊರಟರು. ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಬುಡಿ ಮಿಸ್, ಆಗೋದು ಆಗೋಯ್ತು" ಎಂದರು.

ಹುಡುಗಿ ನೀರು ತಂದುಕೊಟ್ಟಳು. ತಪ್ಪು ಯಾರದೆಂದು ಗೊತ್ತಿದ್ದೂ ನಾಚಿಕೆಯಿಲ್ಲದೆ ಅವಳನ್ನೇ ಕೇಳಿದೆ, ಪಾಠ ಬರ್ತಿಲ್ಲ ಅಂತ ನನಗೆ ಒಂದು ಕಾರ್ಡಾದರೂ ಯಾಕಮ್ಮ ಬರೀಲಿಲ್ಲ ಎಂದು. ಅವಳು ಮೊದಲ ಸಲ ನನ್ನ ಮುಖ ನೋಡಿದಳು.

"ಇಲ್ಲಿ ನಮಗೇನೂ ಕಾಣ್ದಿದ್ರೂ ನಿಮಗೆ ಅಲ್ಲಿ ನಾವೆಲ್ಲ ಕಾಣ್ತೀವಿ ಅಂದಿದ್ರು ಹೆಡ್‌ಮಾಸ್ಟ್ರು. ಅದಕ್ಕೇ ನಾವು ಒಂದ್ ದಿನಾನೂ ಗಲಾಟೆ ಮಾಡ್ಲಿಲ್ಲ ಮಿಸ್. ನೀವು ನೋಡಿದ್ರಲ್ಲ?"

ನಾನು ಹೂಂ ಎಂದೆ.